ಮೇದೋಜೀರಕದ ನೀರುಗುಳ್ಳೆ: ಮೊದಲ ಸ್ಕ್ಯಾನಿಂಗ್‌ನಿಂದ ಸೂಜಿಯವರೆಗೆ

ಕಿಡ್ನಿ ಕಲ್ಲಿನ ನೋವೆಂದು, ಗ್ಯಾಸ್ಟ್ರಿಕ್ ಎಂದು, ವರ್ಷಕ್ಕೊಮ್ಮೆಯ ತಪಾಸಣೆಯೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡವರ ರಿಪೋರ್ಟಿನ ಕೊನೆಯಲ್ಲಿ ಕೆಲವೊಮ್ಮೆ ಯಾರೂ ನಿರೀಕ್ಷಿಸದ ಒಂದು ಸಾಲು ಇರುತ್ತದೆ: ಪ್ಯಾಂಕ್ರಿಯಾಸಿನಲ್ಲಿ (ಮೇದೋಜೀರಕ ಗ್ರಂಥಿಯಲ್ಲಿ) 14 ಮಿ.ಮೀ. ಸಿಸ್ಟ್ (ನೀರುಗುಳ್ಳೆ), ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸಿ ನೋಡುವುದು. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಭಟ್ಕಳದವರೆಗೆ ಕರಾವಳಿಯುದ್ದಕ್ಕೂ, ಘಟ್ಟದ ಮೇಲಿನ ಕೊಪ್ಪ–ಶೃಂಗೇರಿಯಿಂದಲೂ ಇಂಥ ಚೀಟಿ ಹಿಡಿದು ಜನ ಬರುತ್ತಾರೆ. ಮೇಜಿನ ಮೇಲೆ ಮಲಗುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ: ಗುಳ್ಳೆ ಎಷ್ಟು ದೊಡ್ಡದಿದೆ?

ಗಾತ್ರ ಬೇಕು, ನಿಜ. ಆದರೆ ರೇಡಿಯಾಲಜಿಯಲ್ಲಿ ಕೂತು ಚಿತ್ರ ಓದುವ ನಮಗೆ ಅದಕ್ಕಿಂತ ಮೊದಲು ಬೇಕಾದವು ಬೇರೆ ಮೂರು. ಗುಳ್ಳೆಗೂ ಪ್ಯಾಂಕ್ರಿಯಾಸಿನ ಮುಖ್ಯ ನಾಳಕ್ಕೂ ಸಂಪರ್ಕ ಉಂಟೇ? ಗುಳ್ಳೆಯ ಗೋಡೆಯಲ್ಲಿ ರಕ್ತ ಹರಿಯುವ ಗಂಟು ಉಂಟೇ? ಈ ವ್ಯಕ್ತಿಗೆ ಹಿಂದೆ ಯಾವಾಗಲಾದರೂ ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸಿನ ಉರಿಯೂತ, ಆಗಿತ್ತೇ? ಮೊದಲಿನ ಎರಡಕ್ಕೆ ಯಂತ್ರ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಉತ್ತರ ಯಾವ ಯಂತ್ರದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ರೋಗಿಯ ಬಾಯಿಂದ, ಹಳೆಯ ಡಿಸ್ಚಾರ್ಜ್ ಸಮ್ಮರಿಯಿಂದ ಬರಬೇಕು. ಚೀಟಿಯಲ್ಲಿ ಬರೀ ‘ಸಿಸ್ಟ್, ಸಿ.ಟಿ. ಮಾಡಿ’ ಎಂದಿದ್ದರೆ ಅರ್ಧ ಮಾಹಿತಿ ಬಾಗಿಲಲ್ಲೇ ಉಳಿಯಿತು ಎಂದರ್ಥ. ಈ ಗುಳ್ಳೆಗಳ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರದ ತಪ್ಪಲ್ಲ, ಪ್ರಶ್ನೆ ಸರಿಯಾಗಿ ಕೇಳದೇ ಇದ್ದದ್ದರ ತಪ್ಪು.

ಮೇದೋಜೀರಕ ಗ್ರಂಥಿ ಸುಮಾರು 15 ಸೆಂ.ಮೀ. ಉದ್ದದ್ದು. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡವಾಗಿ ಮಲಗಿದೆ. ತಲೆಭಾಗ ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ತಿರುವಿನೊಳಗೆ, ಬಾಲ ಎಡಗಡೆ ಗುಲ್ಮದ ಹತ್ತಿರ. ಎದುರಿಗೆ ಜಠರ ಮತ್ತು ದೊಡ್ಡ ಕರುಳು ಇರುವುದರಿಂದ ಅಲ್ಟ್ರಾಸೌಂಡಿಗೆ ಗಾಳಿಯೇ ಶತ್ರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರಲ್ಲೂ ಬಾಲ ಕಾಣದೇ ಹೋಗುವುದು ಸಾಮಾನ್ಯ. ಆಗ 300ರಿಂದ 500 ಮಿ.ಲೀ. ನೀರು ಕುಡಿಸಿ, ಎದ್ದು ಕೂರಿಸಿ, ಅಥವಾ ಬಲಕ್ಕೆ–ಎಡಕ್ಕೆ ಹೊರಳಿಸಿ ನೋಡಿದರೆ ನೀರು ತುಂಬಿದ ಜಠರವೇ ಕಿಟಕಿಯಾಗುತ್ತದೆ. ಗುಲ್ಮದ ರಕ್ತನಾಳವನ್ನು ಹಿಡಿದುಕೊಂಡು ಅದರ ಮುಂದುಗಡೆ ಹೋದರೆ ಪ್ಯಾಂಕ್ರಿಯಾಸ್ ತಪ್ಪುವುದಿಲ್ಲ. ‘ಪ್ಯಾಂಕ್ರಿಯಾಸ್ ನಾರ್ಮಲ್’ ಎಂದು ಬರೆಯುವುದಕ್ಕೂ ‘ತಲೆ ಮತ್ತು ದೇಹಭಾಗ ನಾರ್ಮಲ್, ಬಾಲ ಗಾಳಿಯಿಂದ ಕಂಡಿಲ್ಲ’ ಎಂದು ಬರೆಯುವುದಕ್ಕೂ ತುಂಬಾ ವ್ಯತ್ಯಾಸ ಉಂಟು. ಎರಡನೆಯದನ್ನು ಬರೆಯುವವರ ರಿಪೋರ್ಟನ್ನು ನಂಬಬಹುದು.

ಅಲ್ಟ್ರಾಸೌಂಡಿನಲ್ಲಿ ಗುಂಡಗಿನ ಕಪ್ಪು ಗುಳ್ಳೆ ಕಂಡ ತಕ್ಷಣ ಮಾಡಲೇಬೇಕಾದ ಕೆಲಸ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕುವುದು. ಪ್ಯಾಂಕ್ರಿಯಾಟೈಟಿಸ್ ಆದವರಲ್ಲಿ ಕಿಣ್ವಗಳು ಪಕ್ಕದ ರಕ್ತನಾಳದ ಗೋಡೆಯನ್ನು ಕೊರೆದು ಹುಸಿ ಅನ್ಯೂರಿಸಂ (ರಕ್ತ ತುಂಬಿದ ಉಬ್ಬು) ಆಗಿರಬಹುದು. ಬೂದುಬಣ್ಣದ ಚಿತ್ರದಲ್ಲಿ ಅದು ನೀರುಗುಳ್ಳೆಯ ಹಾಗೆಯೇ ಇರುತ್ತದೆ. ಡಾಪ್ಲರ್ ಹಾಕಿದರೆ ಒಳಗೆ ಕೆಂಪು–ನೀಲಿ ಸುಳಿ ತಿರುಗುವುದು ಕಾಣುತ್ತದೆ. ಇದನ್ನು ನೋಡದೆ ಸೂಜಿ ಹಾಕಿದರೆ ಜೀವಕ್ಕೆ ಅಪಾಯ. ಅರ್ಧ ನಿಮಿಷದ ಕೆಲಸ, ಬಿಡಬಾರದು.

ಈಗ ಮೂರನೆಯ ಪ್ರಶ್ನೆಗೆ ಬರೋಣ. ಪಿತ್ತಕೋಶದ ಕಲ್ಲು, ಮದ್ಯಪಾನ, ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರಿದ್ದು ಇಂಥ ಕಾರಣಗಳಿಂದ ಪ್ಯಾಂಕ್ರಿಯಾಸ್ ಊದಿಕೊಂಡಾಗ ಸುತ್ತ ದ್ರವ ಸೇರುತ್ತದೆ. 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಮೊದಲ 4 ವಾರ ಅದಕ್ಕೆ ಗೋಡೆ ಇರುವುದಿಲ್ಲ, ಅದು ಬರೀ ದ್ರವದ ಸಂಗ್ರಹ. 4 ವಾರ ದಾಟಿ ಗೋಡೆ ಕಟ್ಟಿಕೊಂಡರೆ, ಒಳಗೆ ದ್ರವ ಮಾತ್ರ ಇದ್ದರೆ, ಸ್ಯೂಡೋಸಿಸ್ಟ್. ಸತ್ತ ಅಂಗಾಂಶದ ತುಂಡುಗಳು ಸೇರಿದ್ದರೆ ಅದು ಬೇರೆಯೇ ಜಾತಿ, ವಾಲ್ಡ್ ಆಫ್ ನೆಕ್ರೋಸಿಸ್. ಎರಡೂ ಸಿ.ಟಿ.ಯಲ್ಲಿ ಒಂದೇ ಥರ ಬೂದುಬಣ್ಣದ ಕೆರೆಯಾಗಿ ಕಾಣಬಹುದು. ಅಲ್ಟ್ರಾಸೌಂಡಿನಲ್ಲಿ ಅಥವಾ ಎಂ.ಆರ್.ಐ.ನ, ನೀರು ಬೆಳ್ಳಗೆ ಕಾಣುವ ಟಿ2 ಚಿತ್ರದಲ್ಲಿ ಒಳಗಿನ ತುಂಡುಗಳು ತಳದಲ್ಲಿ ಕೂತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಬಸಿಯುವ ವೈದ್ಯರಿಗೆ ಇದು ಬಹಳ ಮುಖ್ಯ: ದ್ರವ ತೆಳ್ಳಗಿನ ನಳಿಕೆಯಲ್ಲಿ ಇಳಿದುಹೋಗುತ್ತದೆ, ತುಂಡುಗಳು ಅದನ್ನೇ ಕಟ್ಟಿಹಾಕುತ್ತವೆ, ಆಮೇಲೆ ಸೋಂಕು.

ಹಾಗೆಂದು ಕಂಡದ್ದನ್ನೆಲ್ಲ ಸ್ಯೂಡೋಸಿಸ್ಟ್ ಎಂದು ಬರೆಯುವುದು ಇನ್ನೂ ದೊಡ್ಡ ತೊಂದರೆ. 45 ವರ್ಷದ ಹೆಂಗಸು, ಹೊಟ್ಟೆನೋವಿನಿಂದ ಒಮ್ಮೆಯೂ ಆಸ್ಪತ್ರೆ ಸೇರಿದವರಲ್ಲ, ಪ್ಯಾಂಕ್ರಿಯಾಸಿನ ಕಿಣ್ವಗಳಾದ ಅಮೈಲೇಸ್–ಲೈಪೇಸ್ ರಕ್ತದಲ್ಲಿ ಎಂದೂ ಏರಿಲ್ಲ, ಬಾಲದಲ್ಲಿ ದಪ್ಪ ಗೋಡೆಯ ಒಂಟಿ ಗುಳ್ಳೆ. ಇದನ್ನು ಸ್ಯೂಡೋಸಿಸ್ಟ್ ಎನ್ನುವುದಕ್ಕೆ ಆಧಾರವೇ ಇಲ್ಲ. ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ ಎಂಬ, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಗುಳ್ಳೆ ಹೆಚ್ಚುಕಡಿಮೆ ಹೀಗೆಯೇ ಬರುತ್ತದೆ. ಅದನ್ನು ಸ್ಯೂಡೋಸಿಸ್ಟ್ ಎಂದುಕೊಂಡು ಜಠರದೊಳಕ್ಕೆ ಬಸಿದರೆ ಮುಂದಿನ ಸರ್ಜನ್‌ಗೆ ಕೆಲಸ ಕಷ್ಟವಾಗುತ್ತದೆ, ರೋಗಿಗೆ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಪ್ಯಾಂಕ್ರಿಯಾಟೈಟಿಸ್ ಆದ ದಾಖಲೆ ಇಲ್ಲದೆ ಸ್ಯೂಡೋಸಿಸ್ಟ್ ಎಂಬ ಮಾತನ್ನು ರಿಪೋರ್ಟಿನಲ್ಲಿ ತರಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೇರಳದಲ್ಲಿ, ದಕ್ಷಿಣ ಭಾರತದ ಬೇರೆ ಭಾಗಗಳಲ್ಲಿ ಕಾಣುವ ಉಷ್ಣವಲಯದ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ನಮ್ಮ ಕಡೆಯೂ ಬರುತ್ತದೆ. ಮದ್ಯ ಮುಟ್ಟದ ಯುವಕ–ಯುವತಿಯರಲ್ಲಿ, ನಾಳದ ತುಂಬ ಕಲ್ಲು, ಜೊತೆಗೆ ಸಕ್ಕರೆ ಕಾಯಿಲೆ. ಇಲ್ಲಿ ಮುಖ್ಯ ನಾಳ 8–10 ಮಿ.ಮೀ. ಹಿಗ್ಗಿರುವುದು ಕಲ್ಲು ಅಡ್ಡ ಕೂತದ್ದರಿಂದ. ನಾಳ ಹಿಗ್ಗಿದ್ದಷ್ಟನ್ನೇ ನೋಡಿ ನಾಳದೊಳಗಿನ ಲೋಳೆಗಡ್ಡೆ ಎಂದುಕೊಂಡರೆ ತಪ್ಪಾಗುತ್ತದೆ. ಕಾಂಟ್ರಾಸ್ಟ್ (ಅಂಗಗಳನ್ನು ಎದ್ದು ಕಾಣಿಸಲು ರಕ್ತನಾಳಕ್ಕೆ ಕೊಡುವ ಔಷಧ) ಹಾಕುವ ಮೊದಲಿನ ಪ್ಲೇನ್ ಸಿ.ಟಿ. ಇದ್ದರೆ ಕಲ್ಲು ಬೆಳ್ಳಗೆ ಎದ್ದು ಕಾಣುತ್ತದೆ. ಎಂ.ಆರ್.ಐ.ಯಲ್ಲಿ ಸುಣ್ಣ ಕಟ್ಟಿದ್ದು ಸರಿಯಾಗಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಎರಡೂ ಪರೀಕ್ಷೆ ಯಾಕೆ ಬೇಕು, ಒಂದೇ ಸಾಲದೇ ಎಂದು ಕೇಳುವವರಿಗೆ ಇದು ಒಂದು ಉತ್ತರ.

ಸಿ.ಟಿ.ಗೆ ಬರುವಾಗ 4ರಿಂದ 6 ಗಂಟೆ ಏನೂ ತಿಂದಿರಬಾರದು, ಬೆಳಗಿನ ಗಂಜಿಯೂ ಬೇಡ. ನೀರು ಕುಡಿಯಬಹುದು, ಕುಡಿಯಲೇಬೇಕು. ಮೇಜು ಹತ್ತುವ ಮೊದಲಿನ ಅರ್ಧ ಗಂಟೆಯಲ್ಲಿ 500 ಮಿ.ಲೀ.ನಿಂದ ಒಂದು ಲೀಟರ್ ಬರೀ ನೀರು ಕುಡಿಸುತ್ತೇವೆ. ಹೊಟ್ಟೆ ಸಿ.ಟಿ.ಗೆ ಹಿಂದೆ ಕುಡಿಸುತ್ತಿದ್ದ ಬಿಳಿ ಕಾಂಟ್ರಾಸ್ಟ್ ಇಲ್ಲಿ ಕೂಡದು, ಡುವೋಡಿನಮ್ ಒಳಗೆ ಅದು ಹೊಳೆದು ಪಕ್ಕದ ಪ್ಯಾಂಕ್ರಿಯಾಸ್ ತಲೆಯ ಸಣ್ಣ ವಿವರವನ್ನೆಲ್ಲ ನುಂಗುತ್ತದೆ. ಕಿಡ್ನಿ ಕೆಲಸ ತಿಳಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲಿರಬೇಕು. ಹಿಂದೆ ಕಾಂಟ್ರಾಸ್ಟಿನಿಂದ ಮೈ ದದ್ದರಿಸಿದ್ದು, ಉಬ್ಬಸ, ಆಸ್ತಮಾ ಇದ್ದರೆ ಕೇಳುವ ಮೊದಲೇ ಹೇಳಬೇಕು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಕಿಡ್ನಿ ಕೆಲಸ ಚೆನ್ನಾಗಿದ್ದರೆ ನಿಲ್ಲಿಸಬೇಕಾಗಿಲ್ಲ, ಇ.ಜಿ.ಎಫ್.ಆರ್. (ಕಿಡ್ನಿ ರಕ್ತ ಸೋಸುವ ಪ್ರಮಾಣ) 30ಕ್ಕಿಂತ ಕೆಳಗಿದ್ದರೆ ಪರೀಕ್ಷೆಯ ನಂತರ 48 ಗಂಟೆ ನಿಲ್ಲಿಸಿ, ಮತ್ತೆ ಕ್ರಿಯಾಟಿನಿನ್ ನೋಡಿ ಶುರುಮಾಡುವುದು ಕ್ರಮ. ಇನ್ಸುಲಿನ್ ಚುಚ್ಚಿಕೊಂಡು ಉಪವಾಸ ಬಂದು ವೇಟಿಂಗ್ ಹಾಲಿನಲ್ಲಿ ಸಕ್ಕರೆ ಇಳಿದು ಬೆವರುವವರು ಉಂಟು. ಸಕ್ಕರೆ ಕಾಯಿಲೆಯವರು ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿಕೊಳ್ಳುವುದು, ಮಾತ್ರೆ–ಇನ್ಸುಲಿನ್ ಬಗ್ಗೆ ಹಿಂದಿನ ದಿನವೇ ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಕಾಂಟ್ರಾಸ್ಟಿನ ಲೆಕ್ಕ ಕೆ.ಜಿ.ಗೆ ಸುಮಾರು 1.5 ಮಿ.ಲೀ., ಅಂದರೆ 60 ಕೆ.ಜಿ. ತೂಕದವರಿಗೆ 90 ಮಿ.ಲೀ.; ಸೆಕೆಂಡಿಗೆ 4 ಮಿ.ಲೀ. ವೇಗದಲ್ಲಿ ಇಂಜೆಕ್ಟರ್ ತಳ್ಳುತ್ತದೆ. ಇಪ್ಪತ್ತೆರಡು–ಇಪ್ಪತ್ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಈ ವೇಗಕ್ಕೆ ಮೊಣಕೈ ಮಡಿಲಿನಲ್ಲಿ ಹಸಿರು (18 ಗೇಜ್) ಅಥವಾ ಗುಲಾಬಿ (20 ಗೇಜ್) ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ನಳಿಕೆ) ಬೇಕು. ವಾರ್ಡಿನಿಂದ ಅಂಗೈ ಹಿಂಭಾಗದಲ್ಲಿ ನೀಲಿ ಕ್ಯಾನುಲಾ ಹಾಕಿಸಿಕೊಂಡು ಬಂದರೆ ಬದಲಾಯಿಸುತ್ತೇವೆ. ಅದರಲ್ಲೇ ಒತ್ತಿದರೆ ನಾಳ ಒಡೆದು ಕೈ ಊದುತ್ತದೆ, ಇಲ್ಲವೇ ವೇಗ ಕಡಿಮೆ ಮಾಡಿ ಚಿತ್ರ ಪೇಲವವಾಗುತ್ತದೆ. ಔಷಧ ಹೋಗುವಾಗ ಗಂಟಲಿನಿಂದ ಕೆಳಹೊಟ್ಟೆಯವರೆಗೆ ಬಿಸಿ ಹರಿದ ಹಾಗೆ, ಮೂತ್ರ ಹೋದ ಹಾಗೆ ಅನಿಸುತ್ತದೆ. ಅದು ಸಹಜ, ಮೊದಲೇ ಹೇಳಿಟ್ಟರೆ ಯಾರೂ ಬೆಚ್ಚಿ ಅಲುಗುವುದಿಲ್ಲ.

ಹೊಟ್ಟೆಯ ಮಾಮೂಲು ಸಿ.ಟಿ.ಯಲ್ಲಿ 70 ಸೆಕೆಂಡಿಗೆ ಒಂದೇ ಸುತ್ತು ತೆಗೆದು ಮುಗಿಸುತ್ತಾರೆ. ಪ್ಯಾಂಕ್ರಿಯಾಸಿಗೆ ಅದು ಸಾಲದು. ಕಾಂಟ್ರಾಸ್ಟ್ ಶುರುವಾಗಿ 40–45 ಸೆಕೆಂಡಿಗೆ ಗ್ರಂಥಿ ತನ್ನ ಗರಿಷ್ಠ ಹೊಳಪಿನಲ್ಲಿರುತ್ತದೆ. ಗುಳ್ಳೆಯ ಪಕ್ಕದ ಸಣ್ಣ ಗಡ್ಡೆ ಅಷ್ಟು ಹೀರದೆ ಮಂಕಾಗಿ ಉಳಿಯುವುದರಿಂದ ಆಗ ಸಿಕ್ಕಿಬೀಳುತ್ತದೆ. ಗುಳ್ಳೆಯ ರೂಪದಲ್ಲಿರುವ ನ್ಯೂರೋಎಂಡೋಕ್ರೈನ್ (ಹಾರ್ಮೋನ್ ಕೋಶಗಳಿಂದ ಹುಟ್ಟುವ) ಗಡ್ಡೆಯ ಅಂಚು ಈ ಹಂತದಲ್ಲಿ ಉಂಗುರದ ಹಾಗೆ ಬೆಳಗುತ್ತದೆ, 70 ಸೆಕೆಂಡಿಗೆ ಮಸುಕಾಗಿರುತ್ತದೆ. ಆದ್ದರಿಂದ ಚೀಟಿಯಲ್ಲಿ ‘ಸಿ.ಟಿ. ಅಬ್ಡೊಮೆನ್’ ಅಲ್ಲ, ‘ಪ್ಯಾಂಕ್ರಿಯಾಸ್ ಪ್ರೊಟೊಕಾಲ್’ ಎಂದು ಬರೆಸಿಕೊಂಡು ಬಂದರೆ ಇಡೀ ಪರೀಕ್ಷೆಯೇ ಬೇರೆಯಾಗುತ್ತದೆ: ಪ್ಲೇನ್, 40–45 ಸೆಕೆಂಡ್, 70 ಸೆಕೆಂಡ್, 1 ಮಿ.ಮೀ. ಪದರಗಳು.

ಕೆಲವು ಗುಳ್ಳೆಗಳು ಸಿ.ಟಿ.ಯಲ್ಲೇ ಹೆಸರು ಹೇಳಿಬಿಡುತ್ತವೆ. ಅರುವತ್ತು ದಾಟಿದ ಹೆಂಗಸಿನಲ್ಲಿ ಉಬ್ಬುತಗ್ಗಿನ ಅಂಚಿನ, ಒಳಗೆಲ್ಲ ಸಣ್ಣಸಣ್ಣ ಕೋಣೆಗಳ, ನಟ್ಟನಡುವೆ ಸುಣ್ಣ ಕಟ್ಟಿದ ಕಲೆ ಇರುವ ಜೇನುಗೂಡು ನಮೂನೆ ಕಂಡರೆ ಸೀರಸ್ ಸಿಸ್ಟಡಿನೋಮ. ಕ್ಯಾನ್ಸರ್ ಆಗುವುದು ಅತ್ಯಪರೂಪ. ತೊಂದರೆ ಕೊಡದಿದ್ದರೆ ಆಪರೇಷನ್ ಬೇಡ. ಕೋಣೆಗಳು ತೀರಾ ಚಿಕ್ಕದಿದ್ದರೆ ಗೋಡೆಗಳೆಲ್ಲ ಕಾಂಟ್ರಾಸ್ಟ್ ಹೀರಿ ಇಡೀ ಗುಳ್ಳೆ ಗಟ್ಟಿ ಗಡ್ಡೆಯಂತೆ ಕಾಣುತ್ತದೆ, ಎಂ.ಆರ್.ಐ.ಯ ಟಿ2 ಚಿತ್ರದಲ್ಲಿ ಮಾತ್ರ ಅದು ನೀರು ಎಂದು ಗೊತ್ತಾಗುತ್ತದೆ. ಇಪ್ಪತ್ತು–ಮೂವತ್ತರ ಹುಡುಗಿಯಲ್ಲಿ ದಪ್ಪ ಕವಚದ, ಅರ್ಧ ಗಟ್ಟಿ ಅರ್ಧ ದ್ರವದ, ಒಳಗೆ ರಕ್ತ ಸೋರಿದ ಗಡ್ಡೆಯಿದ್ದರೆ ಸಾಲಿಡ್ ಸ್ಯೂಡೋಪ್ಯಾಪಿಲರಿ ಗಡ್ಡೆಯ ಕಡೆಗೆ ಯೋಚನೆ ಹೋಗುತ್ತದೆ. ಅದನ್ನು ತೆಗೆಯುವುದೇ ದಾರಿ; ತೆಗೆದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮೊದಲು ಹೇಳಿದ ಮ್ಯೂಸಿನಸ್ ಗುಳ್ಳೆಗೆ ಸುಣ್ಣ ಕಟ್ಟುವುದಾದರೆ ಅದು ನಡುವೆ ಅಲ್ಲ, ಹೊರ ಅಂಚಿನಲ್ಲಿ. ಮತ್ತು ಅದಕ್ಕೆ ನಾಳದ ಜೊತೆ ಸಂಪರ್ಕ ಇರುವುದಿಲ್ಲ.

ಸಂಪರ್ಕ ಇರುವುದು ಐ.ಪಿ.ಎಂ.ಎನ್.ಗೆ, ಅಂದರೆ ನಾಳದ ಒಳಪದರದಲ್ಲೇ ಹುಟ್ಟಿ ಲೋಳೆ ಸುರಿಸುವ ಗಡ್ಡೆಗೆ. ವಯಸ್ಸಾದವರಲ್ಲಿ ಆಕಸ್ಮಿಕವಾಗಿ ಸಿಗುವ ಸಣ್ಣ ಗುಳ್ಳೆಗಳಲ್ಲಿ ದೊಡ್ಡ ಪಾಲು ಇದರದ್ದೇ; ಕವಲು ನಾಳದಲ್ಲಿ ಇರುವಂಥದ್ದು. ಒಬ್ಬರಲ್ಲೇ ನಾಲ್ಕೈದು ಇರುವುದೂ ಉಂಟು. ಕೂದಲೆಳೆಯಷ್ಟು ತೆಳುವಾದ ಆ ಸಂಪರ್ಕವನ್ನು ಹಿಡಿಯುವುದಕ್ಕೆ ಎಂ.ಆರ್.ಸಿ.ಪಿ., ಅಂದರೆ ಪಿತ್ತ ಮತ್ತು ಪ್ಯಾಂಕ್ರಿಯಾಸ್ ನಾಳಗಳನ್ನು ತೋರಿಸುವ ಎಂ.ಆರ್.ಐ., ಬೇಕು.

ಎಂ.ಆರ್.ಸಿ.ಪಿ.ಯಲ್ಲಿ ಯಂತ್ರ ಸಂಕೇತವನ್ನು ಬಹಳ ತಡಮಾಡಿ ಓದುತ್ತದೆ. ಅಷ್ಟು ಹೊತ್ತಿಗೆ ಮಾಂಸ, ಕೊಬ್ಬು, ಲಿವರ್ ಎಲ್ಲದರ ಸಂಕೇತ ಆರಿಹೋಗಿ ನಿಂತ ನೀರಿನದ್ದು ಮಾತ್ರ ಉಳಿದಿರುತ್ತದೆ. ಪಿತ್ತ, ಪ್ಯಾಂಕ್ರಿಯಾಸ್ ರಸ, ಗುಳ್ಳೆಯ ದ್ರವ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆಯುತ್ತವೆ. ತೊಂದರೆಯೂ ಇಲ್ಲೇ: ಜಠರ, ಡುವೋಡಿನಮ್ ಒಳಗಿನ ನೀರೂ ಅಷ್ಟೇ ಬೆಳ್ಳಗೆ ಹೊಳೆದು ಪ್ಯಾಂಕ್ರಿಯಾಸಿನ ಮೇಲೆಯೇ ಬಂದು ಕೂರುತ್ತದೆ. ಸಿ.ಟಿ.ಗೆ ಲೀಟರುಗಟ್ಟಲೆ ನೀರು ಕುಡಿಯಿರಿ ಎಂದವರೇ ಎಂ.ಆರ್.ಸಿ.ಪಿ.ಗೆ 4–6 ಗಂಟೆ ಮೊದಲಿಂದ ನೀರೂ ಬೇಡ ಎನ್ನುವುದು ಇದಕ್ಕೇ. ಬಿಸಿಲಲ್ಲಿ ಬಂದು ಗೇಟಿನ ಹೊರಗೆ ಒಂದು ಬೊಂಡ (ಎಳನೀರು) ಕುಡಿದು ಒಳಬಂದರೆ ಅದೂ ಚಿತ್ರದಲ್ಲಿ ದೊಡ್ಡ ಬಿಳಿ ಮೋಡವಾಗಿ ಕಾಣುತ್ತದೆ.

ಇದಕ್ಕೆ ಅಗ್ಗದ ಪರಿಹಾರ ಅನಾನಸು ರಸ. ಅನಾನಸಿನಲ್ಲಿ ಮ್ಯಾಂಗನೀಸ್ ಹೆಚ್ಚು. ಮ್ಯಾಂಗನೀಸ್ ತನ್ನ ಸುತ್ತಲಿನ ನೀರಿನ ಟಿ2 ಸಂಕೇತವನ್ನು ಬೇಗ ಆರಿಸುತ್ತದೆ. ಪರೀಕ್ಷೆಗೆ 15–20 ನಿಮಿಷ ಮೊದಲು 300ರಿಂದ 400 ಮಿ.ಲೀ. ರಸ ಕುಡಿಸಿದರೆ ಜಠರ ಮತ್ತು ಡುವೋಡಿನಮ್ ಕಪ್ಪಾಗಿ, ಹಿಂದಿನ ನಾಳ ಎದ್ದು ನಿಲ್ಲುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದ ಜ್ಯೂಸಿನಲ್ಲಿ ಈ ಗುಣ ಇರುವುದಿಲ್ಲ. ಅಂಗಡಿಯ ಜ್ಯೂಸಿನಲ್ಲಿ ಐಸ್ ಮತ್ತು ನೀರೇ ಜಾಸ್ತಿ. ಕುಡಿಸಿ ಒಂದು ಗಂಟೆ ಕಾಯಿಸಿದರೆ ರಸ ಮುಂದೆ ಸಾಗಿಹೋಗಿ ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಮೊದಲು ಯೋಚಿಸಬೇಕು, ಸಕ್ಕರೆ ಬೆರೆಸಿದ್ದಂತೂ ಬೇಡ. ತಲೆಭಾಗದಲ್ಲಿ ಗುಳ್ಳೆಯೆಂದು ಬಂದದ್ದು ನಿಜಕ್ಕೂ ಡುವೋಡಿನಮ್ ಗೋಡೆಯ ಚೀಲ, ಅಂದರೆ ಡೈವರ್ಟಿಕ್ಯುಲಮ್ ಆಗಿರುವುದೂ ಉಂಟು. ಅನಾನಸು ರಸ ಕುಡಿಸಿದಾಗ ‘ಗುಳ್ಳೆ’ಯೂ ಕಪ್ಪಾದರೆ ಅದು ಕರುಳಿನದ್ದು ಎಂದು ಅಲ್ಲೇ ತೀರ್ಮಾನ.

ಲೋಹದ ವಿಷಯ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಇಂಪ್ಲಾಂಟ್ ಇದ್ದರೆ ಅದರ ಕಾರ್ಡ್ ತೋರಿಸಬೇಕು. ಒಳಗೆ ಬಿಡುವುದು ಆಮೇಲೆ. ಕರಿಮಣಿ, ಮೂಗುಬೊಟ್ಟು, ಕಾಲುಂಗುರ, ಬ್ಲೌಸಿನ ಹುಕ್ಕು, ಸೆರಗಿನ ಸೇಫ್ಟಿ ಪಿನ್ನು ಎಲ್ಲವನ್ನೂ ತೆಗೆಸಿ ಗೌನ್ ಕೊಡುತ್ತೇವೆ. ಗಂಡಸರಲ್ಲಿ ಮರೆತುಹೋಗುವುದು ಉಡಿದಾರ. ಅದರಲ್ಲಿ ಕಟ್ಟಿದ ತಾಯಿತವೋ ಬೆಳ್ಳಿಯ ತುಂಡೋ ಹೊಟ್ಟೆಯ ಎತ್ತರದಲ್ಲೇ ಇದ್ದು, ಬೇಕಾದ ಜಾಗದಲ್ಲೇ ಚಿತ್ರ ಸೊಟ್ಟಗಾಗುತ್ತದೆ ಅಥವಾ ಕಪ್ಪು ಕುಳಿ ಬೀಳುತ್ತದೆ.

ಪರೀಕ್ಷೆ 30ರಿಂದ 45 ನಿಮಿಷ. ಅದರ ಗುಣಮಟ್ಟ ನಿಲ್ಲುವುದು ಉಸಿರಿನ ಮೇಲೆ. ವಪೆ ಮೇಲೆ ಕೆಳಗೆ ಆಡುವಾಗ ಪ್ಯಾಂಕ್ರಿಯಾಸೂ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗುತ್ತದೆ. ನಾವು ಹುಡುಕುತ್ತಿರುವುದು 2–3 ಮಿ.ಮೀ. ನಾಳವನ್ನು. ಉಸಿರು ಎಳೆದು ಹಿಡಿದರೆ ಪ್ರತಿಸಲ ಅಂಗ ಬೇರೆಬೇರೆ ಜಾಗದಲ್ಲಿ ನಿಲ್ಲುತ್ತದೆ, ಪೂರ್ತಿ ಬಿಟ್ಟು ಹಿಡಿದರೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಆದ್ದರಿಂದ ಟೆಕ್ನಿಷಿಯನ್ ಹೊರಗೇ ಎರಡು ಸಲ ಅಭ್ಯಾಸ ಮಾಡಿಸುತ್ತಾರೆ: ‘ಅಮ್ಮಾ, ಉಸಿರು ತೆಗೊಳ್ಳಿ, ಈಗ ಪೂರ್ತಿ ಬಿಡಿ, ಹಾಗೇ ನಿಲ್ಲಿಸಿ, ನಾನು ಹೇಳುವ ತನಕ.’ 15ರಿಂದ 20 ಸೆಕೆಂಡ್. ಯಂತ್ರದೊಳಗಿನ ರೆಕಾರ್ಡ್ ಮಾಡಿದ ಇಂಗ್ಲಿಷ್ ಆಜ್ಞೆಗಿಂತ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮೈಕಿನಲ್ಲಿ ಹೇಳುವ ಒಂದು ಮಾತು ಚಿತ್ರವನ್ನು ಎಷ್ಟು ಸುಧಾರಿಸುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ದಮ್ಮಿನ ತೊಂದರೆ ಇರುವವರಿಗೆ ಹೊಟ್ಟೆಗೆ ಬೆಲ್ಟ್ ಕಟ್ಟಿ, ಉಸಿರಿನ ಲಯ ನೋಡಿಕೊಂಡು ತೆಗೆಯುವ ಕ್ರಮ ಉಂಟು. ನಾಲ್ಕೈದು ನಿಮಿಷ ಹಿಡಿಯುತ್ತದೆ. ರೋಗಿ ನಿದ್ದೆಹೋಗಿ ಉಸಿರಿನ ಲಯ ಬದಲಾದರೆ ಇನ್ನೂ ಜಾಸ್ತಿ.

ಓದುವಾಗ ಒಂದು ಮೋಸವನ್ನು ಸದಾ ನೆನಪಿಡಬೇಕು. ಎಂ.ಆರ್.ಸಿ.ಪಿ.ಯ ಫಿಲ್ಮಿನಲ್ಲಿ ಕಾಣುವ ಚೆಂದದ ಮರದಂಥ ಚಿತ್ರ ಅನೇಕ ತೆಳುಪದರಗಳನ್ನು ಒಂದರ ಮೇಲೊಂದು ಹೊಂದಿಸಿ ಮಾಡಿದ್ದು. ಅದರಲ್ಲಿ ನಾಳದ ಮುಂದೆ ಇರುವ ಗುಳ್ಳೆಯೂ ನಾಳಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ಸಂಪರ್ಕ ಉಂಟೇ ಇಲ್ಲವೇ ಎಂಬುದನ್ನು ಮೂಲದ ತೆಳುಪದರಗಳಲ್ಲಿ ಒಂದೊಂದಾಗಿ ಸಾಗಿ ನೋಡಬೇಕು. ಗುಳ್ಳೆಯೊಳಗಿನ 4 ಮಿ.ಮೀ. ಗಂಟೂ ಆ ಚೆಂದದ ಚಿತ್ರದಲ್ಲಿ ಸುತ್ತಲಿನ ಬಿಳಿಯಲ್ಲಿ ಮುಳುಗಿಹೋಗಿರುತ್ತದೆ.

ಗಂಟು ಎಂದು ಕಂಡದ್ದೆಲ್ಲ ಗಂಟಲ್ಲ. ಲೋಳೆ ಮುದ್ದೆಯಾಗಿ ಗೋಡೆಗೆ ಅಂಟಿದ್ದರೂ ಹಾಗೆಯೇ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ಗ್ಯಾಡೋಲಿನಿಯಂ ಕಾಂಟ್ರಾಸ್ಟಿನಿಂದ: 60 ಕೆ.ಜಿ.ಯವರಿಗೆ ಸುಮಾರು 12 ಮಿ.ಲೀ. ನಿಜವಾದ ಗಂಟಿಗೆ ರಕ್ತನಾಳ ಇರುತ್ತದೆ, ಅದು ಬೆಳಗುತ್ತದೆ, ಲೋಳೆ ಬೆಳಗುವುದಿಲ್ಲ. ಒಳಗೆ ಹಳೆಯ ರಕ್ತ ಇದ್ದರೆ ಕಾಂಟ್ರಾಸ್ಟ್ ಮೊದಲೇ ಬೆಳ್ಳಗಿರುತ್ತದೆ. ಆದ್ದರಿಂದ ಮೊದಲಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದು ನೋಡುತ್ತೇವೆ, ಉಳಿದ ಬಿಳುಪು ಮಾತ್ರ ನಿಜ. ಇಲ್ಲೂ ಎರಡು ಸಲ ಉಸಿರು ಒಂದೇ ಜಾಗದಲ್ಲಿ ನಿಂತಿರದಿದ್ದರೆ ಕಳೆದ ಚಿತ್ರದ ಅಂಚಿನಲ್ಲಿ ಸುಳ್ಳು ಬಿಳುಪು ಹುಟ್ಟುತ್ತದೆ.

ಗುಳ್ಳೆಯ ಮೇಲೆಯೇ ಕಣ್ಣು ನೆಟ್ಟು ಉಳಿದ ಗ್ರಂಥಿಯನ್ನು ಮರೆಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ ಎಂದು ನಮಗೆ ಅನಿಸುತ್ತದೆ. ಐ.ಪಿ.ಎಂ.ಎನ್. ಇರುವ ಗ್ರಂಥಿಯಲ್ಲಿ ಗುಳ್ಳೆಯಿಂದ ದೂರದ ಜಾಗದಲ್ಲೂ ಕ್ಯಾನ್ಸರ್ ಹುಟ್ಟಬಹುದು. ತಲೆಯಲ್ಲಿ 12 ಮಿ.ಮೀ. ನಿರಪಾಯ ಗುಳ್ಳೆ ವರ್ಷಗಟ್ಟಲೆ ಬದಲಾಗದೆ ಕೂತಿರುತ್ತದೆ. ಅತ್ತ ದೇಹಭಾಗದಲ್ಲಿ ನಾಳ ಥಟ್ಟನೆ ಕಿರಿದಾಗಿ ಅದರಾಚೆ ಹಿಗ್ಗಿ, ಬಾಲ ಸೊರಗಿರುತ್ತದೆ. ಆ ಥಟ್ಟನೆ ಕಿರಿದಾದ ಜಾಗವೇ ರೋಗ. ಕಾಂಟ್ರಾಸ್ಟ್ ಹಾಕದ ಕೊಬ್ಬಿಳಿಸಿದ ಟಿ1 ಚಿತ್ರದಲ್ಲಿ ಆರೋಗ್ಯವಂತ ಪ್ಯಾಂಕ್ರಿಯಾಸ್ ತಾನಾಗಿಯೇ ಬೆಳ್ಳಗಿರುತ್ತದೆ, ಅದರಲ್ಲಿ ಒಂದು ಕಪ್ಪು ತೇಪೆ ಇದ್ದರೆ ಡಿಫ್ಯೂಷನ್ (ಅಂಗಾಂಶದೊಳಗೆ ನೀರಿನ ಚಲನೆ ತೋರಿಸುವ) ಚಿತ್ರದ ಜೊತೆ ಇಟ್ಟು ಮತ್ತೆ ನೋಡಬೇಕು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಬಾಯಿಯ ಮೂಲಕ ಇಳಿಸಿದ ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವುದರಿಂದ ಜಠರದ ಗೋಡೆಯಾಚೆಯ ಪ್ಯಾಂಕ್ರಿಯಾಸ್ ಒಂದೆರಡು ಸೆಂಟಿಮೀಟರ್ ದೂರದಲ್ಲಿ, ನಡುವೆ ಗಾಳಿಯಿಲ್ಲದೆ ಸಿಗುತ್ತದೆ. ಅರೆಪ್ರಜ್ಞೆಗೆ ಮದ್ದು ಕೊಡುವುದರಿಂದ ಜೊತೆಗೆ ಒಬ್ಬರು ಬೇಕು, ಆ ದಿನ ಗಾಡಿ ಓಡಿಸಬಾರದು. ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆಯಿದ್ದರೆ ಹೃದಯದ ಡಾಕ್ಟರನ್ನು ಕೇಳದೆ ತಾವಾಗಿ ನಿಲ್ಲಿಸಬಾರದು, ಹೇಳದೆಯೂ ಬರಬಾರದು.

ಸೂಜಿ 22 ಅಥವಾ 19 ಗೇಜ್‌ನದ್ದು. ಒಂದೇ ಚುಚ್ಚಿನಲ್ಲಿ ಗುಳ್ಳೆಯನ್ನು ಆದಷ್ಟು ಪೂರ್ತಿ ಖಾಲಿ ಮಾಡುತ್ತಾರೆ. ಅರ್ಧ ಬಿಟ್ಟರೆ, ಮತ್ತೆಮತ್ತೆ ಚುಚ್ಚಿದರೆ ಸೋಂಕು, ರಕ್ತಸ್ರಾವದ ಭಯ ಹೆಚ್ಚು. ಮೊದಲ ಹನಿಯನ್ನು ಗ್ಲೌಸ್ ಹಾಕಿದ ಹೆಬ್ಬೆರಳು–ತೋರುಬೆರಳಿನ ನಡುವೆ ಹಿಡಿದು ಮೆಲ್ಲ ಬಿಡಿಸುತ್ತಾರೆ. ಎಳೆ 1 ಸೆಂ.ಮೀ.ಗಿಂತ ಉದ್ದ ಬಂದು ಒಂದು ಸೆಕೆಂಡಾದರೂ ತುಂಡಾಗದೆ ನಿಂತರೆ ಲೋಳೆಯ ಗುಳ್ಳೆ ಎನ್ನುವುದಕ್ಕೆ ಬಲವಾದ ಸುಳಿವು. ಖರ್ಚಿಲ್ಲದ ಈ ಪರೀಕ್ಷೆಯ ಫಲಿತಾಂಶವನ್ನು ಬರೆದಿಡಬೇಕು.

2 ಸೆಂ.ಮೀ. ಗುಳ್ಳೆಯಲ್ಲಿ ಸಿಗುವುದು 3–4 ಮಿ.ಲೀ., ಕೆಲವೊಮ್ಮೆ 1 ಮಿ.ಲೀ.ಗಿಂತ ಕಡಿಮೆ. ಅದನ್ನು ಯಾವುದಕ್ಕೆ ಹಂಚುವುದು ಎಂಬುದು ಮೊದಲೇ ಗೊತ್ತಿರಬೇಕು. ಗ್ಲೂಕೋಸಿಗೆ ಕೆಲವೇ ಹನಿ ಸಾಕು. ಡೆಸಿಲೀಟರಿಗೆ 50 ಮಿ.ಗ್ರಾಂ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲೋಳೆಯ ಗುಳ್ಳೆಯ ಕಡೆಗೆ ವಾಲುತ್ತದೆ. ಸಿ.ಇ.ಎ. ಎಂಬ ಪ್ರೊಟೀನ್ ಮಿ.ಲೀ.ಗೆ 192 ನ್ಯಾನೊಗ್ರಾಂ ದಾಟಿದರೂ ಹಾಗೆಯೇ. 2004ರಿಂದ ಬಳಕೆಯಲ್ಲಿರುವ ಗಡಿ ಇದು. ಅಮೈಲೇಸ್ ಲೀಟರಿಗೆ 250 ಯೂನಿಟ್‌ಗಿಂತ ಕಡಿಮೆಯಿದ್ದರೆ ಸ್ಯೂಡೋಸಿಸ್ಟ್ ಅಲ್ಲ ಎನ್ನಬಹುದು. ಹೆಚ್ಚಿದ್ದರೆ ಸ್ಯೂಡೋಸಿಸ್ಟೇ ಎನ್ನುವಂತಿಲ್ಲ, ನಾಳಕ್ಕೆ ತೆರೆದುಕೊಂಡ ಐ.ಪಿ.ಎಂ.ಎನ್.ನಲ್ಲೂ ಏರಿರುತ್ತದೆ. ದ್ರವದ ಸಿ.ಇ.ಎ. ಸಾವಿರಗಟ್ಟಲೆ ಬಂದಾಗ ಮನೆಯವರು ಕ್ಯಾನ್ಸರೇ ಎಂದು ಕಂಗೆಡುತ್ತಾರೆ. ಆ ಅಂಕಿ ಲೋಳೆ ಇದೆ ಎಂದು ಹೇಳುತ್ತದೆ ಹೊರತು ಕ್ಯಾನ್ಸರ್ ಇದೆ ಎಂದಲ್ಲ. ಇದನ್ನು ರಿಪೋರ್ಟ್ ಕೊಡುವಾಗಲೇ ಎದುರು ಕೂರಿಸಿ ಹೇಳುವುದು ವೈದ್ಯರ ಕರ್ತವ್ಯ.

ಜೀವಕೋಶ ಪರೀಕ್ಷೆಗೆ ಹೋಗುವ ಬಾಟಲಿಯ ಚೀಟಿಯಲ್ಲಿ ಸೂಜಿ ಯಾವ ದಾರಿಯಲ್ಲಿ ಹೋಯಿತು ಎಂಬುದನ್ನು ಬರೆಯಲೇಬೇಕು. ಜಠರದ ಮೂಲಕವೋ ಡುವೋಡಿನಮ್ ಮೂಲಕವೋ ಹೋಗುವಾಗ ಅಲ್ಲಿನ ಲೋಳೆ ಮತ್ತು ಕೋಶಗಳು ಸೂಜಿಗೆ ಅಂಟಿಕೊಂಡು ಬರುತ್ತವೆ. ದಾರಿ ಗೊತ್ತಿಲ್ಲದ ಪೆಥಾಲಜಿಸ್ಟ್ ಅವನ್ನೇ ಗುಳ್ಳೆಯದ್ದು ಎಂದುಕೊಳ್ಳಬಹುದು. ಗಟ್ಟಿ ಲೋಳೆ ಲ್ಯಾಬಿನ ಯಂತ್ರದ ನಳಿಕೆ ಕಟ್ಟಿಹಾಕುವುದೂ ಉಂಟು. ತೆಳುಮಾಡಿ ಓದಿಸಬೇಕು ಎಂದು ಮೊದಲೇ ಫೋನ್ ಮಾಡಿದರೆ ಸಿಕ್ಕಿದ ಸ್ವಲ್ಪವೂ ಹಾಳಾಗುವುದಿಲ್ಲ.

ಐ.ಪಿ.ಎಂ.ಎನ್. ಬಗ್ಗೆ ಅಂತರರಾಷ್ಟ್ರೀಯ ಮಾರ್ಗಸೂಚಿ 2006ರಲ್ಲಿ ಬಂದು, 2012 ಮತ್ತು 2017ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ಪ್ರಕಟವಾದ ಕ್ಯೋಟೊ ಆವೃತ್ತಿಗೆ ಬಂದಿದೆ. ಕಾಮಾಲೆ, 5 ಮಿ.ಮೀ. ಅಥವಾ ಹೆಚ್ಚಿನ ಬೆಳಗುವ ಗಂಟು, 10 ಮಿ.ಮೀ. ಮುಟ್ಟಿದ ಮುಖ್ಯ ನಾಳ, ಜೀವಕೋಶ ಪರೀಕ್ಷೆಯಲ್ಲಿ ಸಂಶಯ: ಇವು ಇದ್ದರೆ ಸರ್ಜನ್ ಹತ್ತಿರ ಹೋಗುವ ಮಾತು. ಗುಳ್ಳೆ 30 ಮಿ.ಮೀ. ದಾಟಿದ್ದು, ನಾಳ 5ರಿಂದ 10ರೊಳಗೆ ಇರುವುದು, ವರ್ಷದೊಳಗೆ ಹೊಸದಾಗಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆ, ರಕ್ತಪರೀಕ್ಷೆಯಲ್ಲಿ ಸಿ.ಎ. 19-9 ಎಂಬ ಗುರುತಿನ ಏರಿಕೆ, ವರ್ಷಕ್ಕೆ 2.5 ಮಿ.ಮೀ.ನಷ್ಟು ಬೆಳವಣಿಗೆ ಇವು ಇನ್ನಷ್ಟು ಪರೀಕ್ಷೆ ಬೇಡುವ ಲಕ್ಷಣಗಳು. ಗಾತ್ರ ಬಿಟ್ಟು ಬೇರೇನೂ ಇಲ್ಲದಿದ್ದರೆ ಕಾದು ನೋಡುವುದು: 20 ಮಿ.ಮೀ.ಗಿಂತ ಚಿಕ್ಕದಕ್ಕೆ 6 ತಿಂಗಳಾದ ಮೇಲೆ ಒಂದು ಸಲ, ಬದಲಾಗದಿದ್ದರೆ ಆಮೇಲೆ 18 ತಿಂಗಳಿಗೊಮ್ಮೆ. 20–30ರದ್ದಕ್ಕೆ 6 ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. 30 ದಾಟಿದ್ದಕ್ಕೆ 6 ತಿಂಗಳಿಗೊಮ್ಮೆ. ಸಣ್ಣ ಗುಳ್ಳೆ 5 ವರ್ಷ ಅಲುಗದೆ ಇದ್ದರೆ ನಿಲ್ಲಿಸುವ ಬಗ್ಗೆ ಮಾತಾಡಬಹುದು. ದೊಡ್ಡ ಆಪರೇಷನ್ ತಡೆಯಲಾರದ ವಯಸ್ಸು, ಹೃದಯದ ಸ್ಥಿತಿ ಇರುವವರಿಗೆ ಪ್ರತಿವರ್ಷ ಸ್ಕ್ಯಾನ್ ಮಾಡಿ ಹೆದರಿಸುವುದರಲ್ಲಿ ಅರ್ಥವಿಲ್ಲ.

2.5 ಮಿ.ಮೀ. ಎಂದಾಗ ಅಳತೆಯ ಶಿಸ್ತು ಎಷ್ಟು ಮುಖ್ಯ ಎಂದು ಅರ್ಥವಾಗುತ್ತದೆ. ಒಂದೇ ಗುಳ್ಳೆಯನ್ನು ಇಬ್ಬರು ಅಳೆದರೆ 2 ಮಿ.ಮೀ. ವ್ಯತ್ಯಾಸ ಬರುವುದು ಸಹಜ. ಕಳೆದ ಸಲ ಸಿ.ಟಿ.ಯಲ್ಲಿ ಅಡ್ಡಕ್ಕೆ ಅಳೆದದ್ದನ್ನು ಈ ಸಲ ಎಂ.ಆರ್.ಐ.ಯಲ್ಲಿ ಉದ್ದಕ್ಕೆ ಅಳೆದರೆ ಬೆಳೆಯದ ಗುಳ್ಳೆ ಬೆಳೆದಂತಾಗುತ್ತದೆ. ಅದೇ ಯಂತ್ರ, ಅದೇ ಸೀಕ್ವೆನ್ಸ್, ಅದೇ ಕೋನದಲ್ಲಿ ಅಳೆದು, ಎಲ್ಲಿ ಗೆರೆ ಎಳೆದೆವು ಎಂಬ ಚಿತ್ರವನ್ನೂ ಸೇವ್ ಮಾಡಿಡಬೇಕು. ಹೋಲಿಸಬೇಕಾದದ್ದು ಕಳೆದ ಸಲದ್ದಕ್ಕೆ ಮಾತ್ರ ಅಲ್ಲ, ಎಲ್ಲಕ್ಕಿಂತ ಹಳೆಯದಕ್ಕೆ. ಒಂದೊಂದು ಸಲ 1 ಮಿ.ಮೀ. ಎಂದು ‘ಬದಲಾವಣೆ ಇಲ್ಲ’ ಎಂದು ಬರೆಯುತ್ತಾ ಹೋದರೆ ಆರು ಸ್ಕ್ಯಾನಿನಲ್ಲಿ 6 ಮಿ.ಮೀ. ಯಾರ ಕಣ್ಣಿಗೂ ಬೀಳದೆ ಬೆಳೆದಿರುತ್ತದೆ.

ಇದಕ್ಕೆ ರೋಗಿಯ ಕಡೆಯಿಂದ ಬೇಕಾದದ್ದು ಸಿ.ಡಿ.ಯೇ. ಫಿಲ್ಮಿನಲ್ಲಿ ಇರುವುದು ಆಯ್ದ ನಲವತ್ತೋ ಅರುವತ್ತೋ ಚಿತ್ರ. ಪೂರ್ತಿ ಪದರಗಳು ಇರುವುದು ಡೈಕಾಂ (ಸ್ಕ್ಯಾನ್ ಚಿತ್ರಗಳ ಮೂಲ ಕಡತ) ಸಿ.ಡಿ.ಯಲ್ಲಿ. ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪ್ ಮಾಡಿದ ಫಿಲ್ಮಿನಿಂದ 3 ಮಿ.ಮೀ. ಗಂಟು ನೋಡಲಾಗದು. ಪರೀಕ್ಷೆ ಮುಗಿದ ದಿನವೇ ಕೌಂಟರಿನಲ್ಲಿ ಸಿ.ಡಿ. ಕೇಳಿ ಪಡೆದು, ಅದರ ಮೇಲೆ ತಾರೀಕು ಬರೆದು, ಹಳೆಯ ಸ್ಕ್ಯಾನಿಂಗ್ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿಗಳ ಜೊತೆ ಒಂದೇ ಫೈಲಿನಲ್ಲಿ ಇಡಿ. ಮಳೆಗಾಲದಲ್ಲಿ ನಮ್ಮೂರಿನ ಕಪಾಟಿನೊಳಗೂ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಿ.ಡಿ.ಗೆ ಬೂಸ್ಟು ಹಿಡಿಯುತ್ತದೆ. ಮನೆಯ ಯಾರಾದರೂ ಕಂಪ್ಯೂಟರಿನಲ್ಲಿ ಒಂದು ನಕಲು ಮಾಡಿಟ್ಟರೆ ಕ್ಷೇಮ. ಮುಂದಿನ ತಾರೀಕು ದೂರ ಇದ್ದಾಗಲೂ ಕಣ್ಣು–ಮೂತ್ರ ಹಳದಿಯಾದರೆ, ಬೆನ್ನಿಗೆ ಹೊಡೆಯುವ ಮೇಲ್ಹೊಟ್ಟೆ ನೋವು ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಹತೋಟಿಯಲ್ಲಿದ್ದ ಸಕ್ಕರೆ ಇದ್ದಕ್ಕಿದ್ದಂತೆ ಏರಿದರೆ ಆ ತಾರೀಕಿಗೆ ಕಾಯದೆ ಅದೇ ಫೈಲ್ ಹಿಡಿದುಕೊಂಡು ಬರಬೇಕು.